ಅತ್ತೆಯ ಅರ್ಧಪಾನ

ನಮ್ಮ ಅತ್ತೆಯ ವೀಸಾ ಬಂದ ದಿನವೇ ನನ್ನ ವಿಸ್ಕಿ ಬಾಟಲಿ ಮನೆ ಬಿಟ್ಟು ಗ್ಯಾರೇಜಿಗೆ ಹೋಯಿತು. ಹೋದದ್ದು ಅದೊಂದೇ ಅಲ್ಲ. ಫ್ರೀಜರಿನಲ್ಲಿದ್ದ ಬಂಗುಡೆ, ಊರಿನಿಂದ ತಂದ ಒಣಸಿಗಡಿಯ ಡಬ್ಬಿ, ಕೋಳಿಗೆಂದೇ ಇಟ್ಟುಕೊಂಡಿದ್ದ ಮಣ್ಣಿನ ಪಾತ್ರೆ, ಎಲ್ಲವೂ ಸಾಲಾಗಿ ಹೊರಟವು. ನನ್ನ ಹೆಂಡತಿ ಮೈಸೂರಿನವಳು, ಈರುಳ್ಳಿಗೂ ತಿಥಿ ವಾರ ನೋಡುವ ಮನೆಯವಳು. ನಾನು ಮಂಗಳೂರಿನ ಕಡೆಯವನು, ಮೀನಿಲ್ಲದ ಊಟವನ್ನು ತಿಂಡಿ ಎಂದು ಕರೆಯುವವನು. ನಾವಿರುವ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಯಾರೂ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದಿಲ್ಲವಾದ್ದರಿಂದ ಜಾಗಕ್ಕೆ ಕೊರತೆ ಇರಲಿಲ್ಲ. ಅತ್ತೆ ಬಂದು ಇಳಿಯುವ ಹೊತ್ತಿಗೆ ನಮ್ಮಲ್ಲಿ ಮನೆಯೊಳಗೆ ಮೈಸೂರು, ಗ್ಯಾರೇಜಿನೊಳಗೆ ಮಂಗಳೂರು ಎಂದು ಗಡಿ ಗುರುತಾಗಿತ್ತು. ಹೆಂಡತಿ ಕೂಡ ಅಂದಿನಿಂದ ನನ್ನನ್ನು ‘ನೀನು’ ಬಿಟ್ಟು ‘ರೀ’ ಎಂದು ಕರೆಯಲು ಶುರು ಮಾಡಿದಳು. ತಾಯಿ ಎದುರಿಗಿದ್ದಾಗ ಮಾತ್ರ ನನಗೆ ಸಿಗುವ ಮರ್ಯಾದೆ ಅದು, ನಾನು ಬೇಡ ಎನ್ನಲಿಲ್ಲ.

ಆ ಬಾಟಲಿಯ ವಿಷಯ ಮೊದಲು ಹೇಳಿಬಿಡಬೇಕು. ಹಿಂದಿನ ಬೇಸಿಗೆ ರಜೆಯಲ್ಲಿ ನಾನು, ಹೆಂಡತಿ, ಮಗಳು ಮೂವರೂ ಸ್ಕಾಟ್ಲೆಂಡಿನ ಪಶ್ಚಿಮದ ತುದಿಯವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಫೆರ್ರಿ ಹತ್ತಿ ಒಂದು ದ್ವೀಪಕ್ಕೆ ಹೋಗಿದ್ದೆವು. ಬಂಡೆಯ ಮೇಲೆ ಮಲಗುವ ಸೀಲ್ ಪ್ರಾಣಿಗಳನ್ನು ನೋಡೋಣ ಎಂದು ಮನೆಯವರನ್ನು ಹೊರಡಿಸಿದ್ದೆ. ಸೀಲುಗಳೂ ಇದ್ದವು, ನಾನೇನು ಸುಳ್ಳು ಹೇಳಲಿಲ್ಲ. ಆದರೆ ಅವು ಮಲಗಿದ್ದ ಬಂಡೆಯ ಎದುರಿಗೇ, ಸಮುದ್ರಕ್ಕೆ ಮುಖ ಮಾಡಿಕೊಂಡು, ಸುಣ್ಣ ಬಳಿದ ಗೋಡೆಗಳ ಹಳೆಯ ಡಿಸ್ಟಿಲರಿಯೊಂದಿತ್ತು. ಗೋಡೆಯ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳಲ್ಲಿ ಅದರ ಹೆಸರು. ಮೈಸೂರಿನ ಈಗಿನ ಅರಮನೆಗೆ ಪಾಯ ತೋಡುವ ಎಷ್ಟೋ ಮೊದಲೇ ಅಲ್ಲಿ ಒಲೆ ಹೊತ್ತಿತ್ತಂತೆ. ಅದನ್ನು ಹೆಂಡತಿಗೆ ಹೇಳಿದರೆ, “ಅರಮನೆ ಟಿಕೆಟ್ ಇಷ್ಟು ದುಬಾರಿ ಇಲ್ಲಪ್ಪ” ಎಂದಳು.

ಒಳಗೆ ಕರೆದುಕೊಂಡು ಹೋದ ಹೆಂಗಸು ಮೊದಲು ತೋರಿಸಿದ್ದು ಒಂದು ನೆಲವನ್ನು. ಮದುವೆ ಛತ್ರದ ಊಟದ ಹಾಲಿನಷ್ಟು ದೊಡ್ಡ ನೆಲ, ಅದರ ತುಂಬ ನೆನೆಸಿದ ಬಾರ್ಲಿ. ಕಾಳಿನ ತುದಿಯಲ್ಲಿ ಬಿಳಿಯ ಮೊಳಕೆ ಇಣುಕುತ್ತಿತ್ತು, ಒಬ್ಬಾತ ಮರದ ಸಲಿಕೆಯಿಂದ ಅದನ್ನು ಮಗುಚುತ್ತಿದ್ದ. ಹೀಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್ ಎಂದಳು ಆಕೆ. ನನ್ನ ಹೆಂಡತಿ ನನ್ನ ತೋಳು ಹಿಡಿದು, “ಏ, ಇದು ನಮ್ಮಮ್ಮ ರಾಗಿ ಮಾಲ್ಟಿಗೆ ಮಾಡೋದೇ ಅಲ್ವಾ! ಅವಳು ಬಟ್ಟೇಲಿ ಕಟ್ಟಿಡ್ತಾಳೆ, ಇವರು ನೆಲದ ಮೇಲೆ ಹಾಕಿದಾರೆ, ಅಷ್ಟೇ” ಎಂದು ಕೂಗಿದಳು. ಮುಂದೆ ಒಣಗಿಸುವ ಗೂಡು. ಅಲ್ಲಿ ಪೀಟ್ ಉರಿಯುತ್ತಿತ್ತು. ಪೀಟ್ ಎಂದರೆ ಜೌಗುನೆಲದಿಂದ ಇಟ್ಟಿಗೆಯಂತೆ ಕೊಯ್ದು, ಬೆರಣಿಯಂತೆ ಒಣಗಿಸಿದ ಕಪ್ಪು ಮಣ್ಣು. ಅದರ ಹೊಗೆಯೇ ಬಾರ್ಲಿಗೆ ಹತ್ತಿ, ಬಾರ್ಲಿಯಿಂದ ವಿಸ್ಕಿಗೆ ಹತ್ತುತ್ತದೆ. ಕೊನೆಗೆ ಪೀಪಾಯಿಗಳ ಕತ್ತಲ ಕೋಣೆ. ಪೀಪಾಯಿಯಲ್ಲಿ ಮಲಗಿರುವ ವಿಸ್ಕಿ ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಅದಕ್ಕೆ ನಾವು ದೇವತೆಗಳ ಪಾಲು ಎನ್ನುತ್ತೇವೆ ಎಂದಳು ಆಕೆ. ನಾನು ಆ ಕೋಣೆಯಲ್ಲಿ ಬಾಯಿ ತೆರೆದು ಉಸಿರಾಡಿದೆ. ದೇವತೆಗಳಿಗೆ ಸಿಗುವುದರಲ್ಲಿ ಪಂಕ್ತಿಭೇದ ಯಾಕೆ?

ಅಲ್ಲೊಂದು ಪೀಪಾಯಿಗೆ ನಲ್ಲಿ ಇಟ್ಟಿದ್ದರು. ಬೇಕಾದವರು ತಾವೇ ಬಾಟಲಿ ಹಿಡಿದು ತುಂಬಿಸಿ, ಕಾರ್ಕ್ ಹಾಕಿ, ಲೇಬಲ್ಲಿನ ಖಾಲಿ ಜಾಗದಲ್ಲಿ ಹೆಸರು ಬರೆದುಕೊಳ್ಳಬಹುದು. ಹೊರಗೆ ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ. ನಾನು ತುಂಬಿಸಿದೆ. ಲೇಬಲ್ ಮೇಲೆ ಬಾರ್ಲಿ ತೆನೆಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಸಿಂಗಲ್ ಮಾಲ್ಟ್’. ಮಗಳ ಕೈಬರಹ ಚಂದ ಎಂದು ಪೆನ್ನನ್ನು ಅವಳಿಗೆ ಕೊಟ್ಟೆ. ಅವಳು ನನ್ನ ಹೆಸರಿನ ಬದಲು ಇಂಗ್ಲಿಷಿನಲ್ಲಿ ‘ಪಪ್ಪಾಸ್ ಟಾನಿಕ್’ ಎಂದು ಬರೆದಿಟ್ಟಳು. ನನಗೆ ಐವತ್ತು ತುಂಬಿದ ದಿನ ಅದನ್ನು ತೆರೆಯಬೇಕೆಂದು ತೀರ್ಮಾನವಾಗಿತ್ತು.

ಇನ್ನು ಅತ್ತೆಯ ಮೂಗಿನ ವಿಷಯ. ಮದುವೆಗೆ ಮುಂಚೆ ನಾನು ಮೊದಲ ಸಲ ಅವರ ಮನೆಗೆ ಹೋದಾಗ, ಹಿಂದಿನ ರಾತ್ರಿ ಊರಿನಲ್ಲಿ ಮೀನು ತಿಂದು, ಮೂರು ಸಲ ಹಲ್ಲುಜ್ಜಿ, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಹೋಗಿದ್ದೆ. ಅತ್ತೆ ಕಾಫಿ ತಂದು ಮುಂದಿಟ್ಟು, ಒಂದು ಕ್ಷಣ ನಿಂತು, “ಬಸ್ಸಲ್ಲಿ ಪಕ್ಕದಲ್ಲಿ ಯಾರೋ ಮೀನಿನ ಬುಟ್ಟಿ ಇಟ್ಕೊಂಡಿದ್ರು ಅನ್ಸತ್ತೆ, ಪಾಪ” ಎಂದರು. ನಾನು ಬಂದಿದ್ದು ರೈಲಿನಲ್ಲಿ. ಹೌದು ಅತ್ತೆ, ದೊಡ್ಡ ಬುಟ್ಟಿ ಎಂದೆ. ಅಂಥ ಮೂಗು ಅದು. ಅವರ ಸಾರಿನ ಪುಡಿ ಮೈಸೂರಿನಿಂದ ಬಂಧುಗಳಿರುವ ದೇಶಗಳಿಗೆಲ್ಲ ಸೂಟ್‌ಕೇಸುಗಳಲ್ಲಿ ಹೋಗುತ್ತಿತ್ತು. ಕೊತ್ತಂಬರಿ ಬೀಜ, ಮೆಂತ್ಯ, ಜೀರಿಗೆ, ಮೆಣಸಿನಕಾಯಿ ಹುರಿಯುವಾಗ ಅವರು ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿಕೊಂಡು ತರಕಾರಿ ಹೆಚ್ಚುತ್ತಿದ್ದು, ಹದ ಬಂದ ಕ್ಷಣ ಕೈ ಚಾಚಿ ಒಲೆ ಆರಿಸುತ್ತಿದ್ದರು. ಹದ ಕಣ್ಣಿಗಲ್ಲ, ಮೂಗಿಗೆ ಗೊತ್ತಾಗುವುದು ಎಂಬುದು ಅವರ ಮಾತು.

ಆ ಮೂಗು ಒಂದು ಜ್ವರದಲ್ಲಿ ಹೋಗಿಬಿಟ್ಟಿತ್ತು. ಜ್ವರ ಬಿಟ್ಟು ವರ್ಷದ ಮೇಲಾದರೂ ವಾಸನೆ ಮರಳಿರಲಿಲ್ಲ. ಫೋನಿನಲ್ಲಿ ಅವರು ಅದನ್ನು ನಗುತ್ತಲೇ ಹೇಳುತ್ತಿದ್ದರು, ನಾವೂ ನಗುತ್ತಲೇ ಕೇಳುತ್ತಿದ್ದೆವು. ಇಲ್ಲಿಗೆ ಬಂದ ವಾರ ತಮ್ಮ ಮಗಳಿಗೆಂದು ಸಾರಿನ ಪುಡಿ ಹುರಿಯಲು ನಿಂತರು. ಅಭ್ಯಾಸದಂತೆ ಬೆನ್ನು ತಿರುಗಿಸಿದರು. ಮೆಣಸಿನಕಾಯಿ ಕರಿಕಾಯಿತು, ಮೆಂತ್ಯ ಇದ್ದಿಲಾಯಿತು, ಅತ್ತೆ ಬೀನ್ಸ್ ಹೆಚ್ಚುತ್ತಲೇ ಇದ್ದರು. ಕೊನೆಗೆ ಸ್ಮೋಕ್ ಅಲಾರಂ ಮನೆ ಹಾರುವಂತೆ ಕಿರುಚಿದಾಗ ನಾವೆಲ್ಲ ಕೆಮ್ಮುತ್ತ ಓಡಿಬಂದೆವು. ಅತ್ತೆ ಅಲಾರಂ ಕಡೆ ನೋಡಿ, “ಮೂಗಿನ ಕೆಲಸಕ್ಕೆ ಈಗ ಚಾವಣಿ ಮೇಲೆ ಡಬ್ಬಿ ಬೇಕಾಯ್ತು” ಎಂದರು. ಆಮೇಲೆ ಸೌಟು ಮುಟ್ಟಲಿಲ್ಲ. ಅಡುಗೆ ನನ್ನ ಹೆಂಡತಿಯ ಕೈಗೆ ಬಂತು, ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ನಾನಿನ್ನೂ ಆ ಮನೆಯಲ್ಲೇ ಇದ್ದೇನೆ.

ಒಂದು ಸಂಜೆ ಅತ್ತೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. “ಸಾರಿನ ಪುಡಿ ಹೋದ್ರೆ ಹೋಗ್ಲಿ ಕಣೇ, ಅಂಗಡೀಲಿ ಸಿಗತ್ತೆ. ಕಣ್ಣು ಮುಚ್ಕೊಂಡು ಕೂತ್ರೆ ಮನೇಲಿ ಯಾರೂ ಇಲ್ಲ ಅನ್ಸತ್ತೆ. ನೀವೆಲ್ಲ ಓಡಾಡ್ತಿದ್ರೂ ಯಾರೂ ಇಲ್ಲ. ನಂಗೆ ಭಯ ಆಗತ್ತೆ.” ಅವರ ಮೂಗು ಮರಳಲೇಬೇಕು ಎಂದು ಅಂದೇ ಅನ್ನಿಸಿತು, ಅದಕ್ಕೆ ಏನು ಬೇಕಾದರೂ ಕೊಡಬಹುದು ಎಂದೂ ಅಂದುಕೊಂಡೆ. ಏನು ಕೊಡಬೇಕಾಗುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಹೆಂಡತಿಯ ಗೆಳತಿಯೊಬ್ಬಳಿದ್ದಾಳೆ, ಧಾರವಾಡದವಳು, ಕಿವಿ ಮೂಗು ಗಂಟಲಿನ ಡಾಕ್ಟರು. ಭಾನುವಾರ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಆಕೆ ದೀಪ ಹಾಕಿ ಮೂಗಿನೊಳಗೆಲ್ಲ ನೋಡಿ, “ಮೂಗು ಸತ್ತಿಲ್ರೀ ಅಮ್ಮಾರ, ಮಲ್ಕೊಂಡದ. ದಿನಾ ಮುಂಜಾನೆ ಸಂಜೀಕ ಎಬ್ಬಸ್ರಿ. ಎದ್ದರ ಏಳತದ, ಇಲ್ಲಾಂದ್ರ ಇಲ್ಲ, ಸುಳ್ಳ ಯಾಕ ಹೇಳ್ಲಿ” ಎಂದಳು. ಎಬ್ಬಿಸುವುದು ಎಂದರೆ ನಾಲ್ಕು ವಾಸನೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಒಂದೊಂದನ್ನೂ ಮೂಸುತ್ತ, ಅದು ಹಿಂದೆ ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಯಬೇಕು.

ಅತ್ತೆ ಅದನ್ನು ವ್ರತದಂತೆ ಹಿಡಿದರು. ಸ್ನಾನ, ದೇವರ ದೀಪ, ಆಮೇಲೆ ನಾಲ್ಕು ಶೀಶೆ. ಗುಲಾಬಿಗೆ ಮಾತ್ರ ಮೊದಮೊದಲು ತಕರಾರಿತ್ತು. ಮೂಸಿದ ಹೂವು ದೇವರಿಗೆ ಆಗುವುದಿಲ್ಲವೆಂದು ಜೀವಮಾನವಿಡೀ ಉಸಿರು ಬಿಗಿಹಿಡಿದು ಹೂ ಕಟ್ಟಿದವರು, ಬೇಕೆಂದೇ ಮೂಸುವುದು ಹೇಗೆ? ಗುಲಾಬಿ ಎಣ್ಣೆಯನ್ನು ದೇವರಿಗೆ ಯಾರೂ ಏರಿಸುವುದಿಲ್ಲ ಎಂದು ಸಮಾಧಾನ ಮಾಡಿದೆವು. ಪ್ರತಿದಿನ ಮೂಸಿ ಎದ್ದಾಗ ಮಗಳು “ಎನಿಥಿಂಗ್, ಅಜ್ಜಿ?” ಎಂದು ಕೇಳುವಳು. “ನೀರು” ಎನ್ನುವರು ಅತ್ತೆ. ನಿಂಬೆಯೂ ನೀರು, ಲವಂಗವೂ ನೀರು. ಟಿವಿಡೇಲ್‌ನ ಬಾಲಾಜಿ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆಗೆ ಬಗ್ಗಿ ಕರ್ಪೂರವನ್ನು ಎದೆತುಂಬ ಎಳೆದುಕೊಂಡರು. ಅದೂ ನೀರೇ.

ಹೀಗಿರುವಾಗ ನನಗೆ ನೆಗಡಿ ಬಂತು. ಸಣ್ಣಪುಟ್ಟ ನೆಗಡಿಯಲ್ಲ, ಮೂಗೆಂಬುದು ಮುಖದ ಮೇಲಿನ ಅಲಂಕಾರ ಮಾತ್ರ ಆಗುವಂಥದ್ದು. ಶನಿವಾರ ಹೆಂಡತಿ ಮಗಳು ಟಿವಿಡೇಲ್‌ಗೆ ಹೊರಟರು, ಅಳಿಯನನ್ನು ನೋಡಿಕೊಳ್ಳಲು ಅತ್ತೆ ಉಳಿದರು. ನಾನು ಸೋಫಾದ ಮೇಲೆ ಹೊದ್ದು ನರಳುತ್ತಿದ್ದೆ. ಅತ್ತೆ ಹಾಲು ಕಾಯಿಸೋಣವೆಂದು ಬೆಲ್ಲ ಹುಡುಕಿದರು. ಬೆಲ್ಲದ ದೊಡ್ಡ ಡಬ್ಬಿ ಗ್ಯಾರೇಜಿನ ಕಪಾಟಿನಲ್ಲಿ. ಅದರ ಹಿಂದೆ, ಹಳೆಯ ಟವೆಲ್ ಹೊದ್ದುಕೊಂಡು, ನನ್ನ ಬಾಟಲಿ.

ಅತ್ತೆಗೆ ಇಂಗ್ಲಿಷ್ ಬಾರದೇ ಇಲ್ಲ, ಅಕ್ಷರ ಕೂಡಿಸಿ ಓದುತ್ತಾರೆ. ತೆನೆಯ ಚಿತ್ರ ನೋಡಿದರು. ‘ಮಾಲ್ಟ್’ ಎಂದು ಓದಿದರು. ‘ಟಾನಿಕ್’ ಎಂದು ಓದಿದರು, ಅದೂ ಮೊಮ್ಮಗಳ ಅಕ್ಷರದಲ್ಲಿ. ರಾಗಿ ಮಾಲ್ಟಿನ ಮೇಲೆ ಮೂರು ತಲೆಮಾರು ಬೆಳೆಸಿದ ಹೆಂಗಸು ಇನ್ನೇನು ತಿಳಿದಾರು? ಪಾಪ, ಅಪ್ಪನಿಗೆ ಶಕ್ತಿ ಬರಲೆಂದು ಮಗು ತಂದ ಬಾರ್ಲಿ ಮಾಲ್ಟು ಗ್ಯಾರೇಜಿನಲ್ಲಿ ಧೂಳು ಹಿಡಿಯುತ್ತಿದೆ ಎಂದುಕೊಂಡರು.

“ಅಳಿಯಂದ್ರೇ! ಹೊಗೆ! ಹೊಗೆ ವಾಸನೆ!”

ನಾನು ಹೊದಿಕೆ ಎಸೆದು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲು ತೆಪ್ಪಗೆ ಕಾಯುತ್ತಿತ್ತು. ಚಾವಣಿಯ ಡಬ್ಬಿಯೂ ತೆಪ್ಪಗಿತ್ತು. ಮೂಸಿ ನೋಡೋಣವೆಂದರೆ ನನ್ನ ಮೂಗಿಗೆ ಬೀಗ.

“ಅತ್ತೆ, ಎಂತ ಸುಡ್ತಾ ಉಂಟು?”

“ಏನೂ ಸುಡ್ತಿಲ್ಲ! ಅದೇ ನಾನು ಹೇಳ್ತಿರೋದು. ಏನೂ ಸುಡ್ತಿಲ್ಲ, ಆದ್ರೂ ವಾಸನೆ ಬರ್ತಿದೆ. ಅಳಿಯಂದ್ರೇ, ನಂಗೆ ವಾಸನೆ ಬರ್ತಿದೆ!”

ಆಗ ಅವರ ಕೈಯಲ್ಲಿದ್ದದ್ದನ್ನು ನೋಡಿದೆ. ನನ್ನ ಬಾಟಲಿ. ಕಾರ್ಕ್ ಬೆಲ್ಲದ ಪಕ್ಕದಲ್ಲಿ ಬಿದ್ದಿತ್ತು. ಒಳ್ಳೆಯ ಅರ್ಧ ಲೋಟದಷ್ಟು ಆಗಲೇ ಹಾಲಿಗೆ ಇಳಿದಿತ್ತು. ಸುರಿಯುತ್ತಿದ್ದಾಗ ಏನೋ ಮೂಗಿಗೆ ಹೊಡೆದಂತಾಗಿ ಅವರು ಕೈ ತಡೆದಿದ್ದರು. ನನ್ನ ಬಲಗಣ್ಣು ಬಾಟಲಿಯನ್ನು ನೋಡಿ ಅಳಬೇಕು, ಎಡಗಣ್ಣು ಅತ್ತೆಯನ್ನು ನೋಡಿ ನಗಬೇಕು, ಅಂಥ ಸ್ಥಿತಿ ನನ್ನದು. ಅವರು ಬಾಟಲಿಯ ಬಾಯಿಗೆ ಮೂಗು ಹಿಡಿದರು, ತೆಗೆದರು, ಮತ್ತೆ ಹಿಡಿದರು.

“ಬಚ್ಚಲ ಒಲೆ” ಎಂದರು. “ನಮ್ಮ ತಾತನ ಮನೆ ಬಚ್ಚಲ ಒಲೆ. ಹಂಡೆ ಕೆಳಗೆ ಹಸಿ ಸೌದೆ ತುರುಕಿ ಊದ್ತಾ ಇದ್ವಲ್ಲ, ಅದು. ಅಯ್ಯೋ, ಅದೇ ಕಣ್ರೀ!”

ಆ ಮನೆಯಲ್ಲಿ ಅತ್ತೆ ಅಳಿಯನನ್ನು ಮುಟ್ಟುವ ರೂಢಿಯಿಲ್ಲ. ನಮಸ್ಕಾರ ಕೂಡ ದೂರದಿಂದಲೇ. ಅವತ್ತು ಅತ್ತೆ ನನ್ನ ಮಣಿಕಟ್ಟು ಹಿಡಿದು, ಚಿಕ್ಕ ಹುಡುಗಿಯಂತೆ ಅಲುಗಾಡಿಸುತ್ತ, ಅಳುತ್ತ ನಗುತ್ತ “ಬರ್ತಿದೆ, ಬರ್ತಿದೆ” ಎನ್ನುತ್ತಿದ್ದರು. ನಾನೂ “ಬರ್ತಾ ಉಂಟಾ, ಬರ್ತಾ ಉಂಟಾ” ಎಂದು ಅವರ ಜೊತೆ ಕುಣಿದೆ. ಆಮೇಲೆ ಅವರಿಗೆ ನನ್ನ ನೆಗಡಿ ನೆನಪಾಯಿತು. ಹಾಲನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬಿಸಿ ಆರುವ ಮೊದಲು ಕುಡಿಯಿರಿ ಎಂದು ನಿಂತರು. ಬೆಲ್ಲ, ಏಲಕ್ಕಿ, ಹಾಲು, ಅದರೊಳಗೆ ಆ ದ್ವೀಪದ ಅಷ್ಟು ವರ್ಷಗಳ ತಪಸ್ಸು. ಕುಡಿದೆ. ಅದನ್ನು ಮಾಡಿದ ಸ್ಕಾಟ್‌ಗಳಿಗೆ ಗೊತ್ತಾದರೆ ಮತ್ತೆ ಫೆರ್ರಿ ಹತ್ತಲು ಬಿಡಲಿಕ್ಕಿಲ್ಲ. ಆದರೆ ಚೆನ್ನಾಗಿತ್ತು, ಇನ್ನೊಂದು ಲೋಟ ಕೇಳಿದೆ.

ಹೆಂಡತಿ ದೇವಸ್ಥಾನದ ಪುಳಿಯೋಗರೆ ಹಿಡಿದು ಒಳಗೆ ಬಂದಾಗ ಅವಳ ತಾಯಿಯೂ ಗಂಡನೂ ಅಡುಗೆಮನೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ನಡುವೆ ವಿಸ್ಕಿ ಬಾಟಲಿ. ಗಂಡ ಬೆವರುತ್ತ ಯಾವುದೋ ತುಳು ಹಾಡು ಹೇಳುತ್ತಿದ್ದ.

“ಅಮ್ಮಾ! ಏನು ಮಾಡ್ತಿದೀಯ?”

“ನಂಗೆ ವಾಸನೆ ಬಂತು ಕಣೇ! ಈ ಮಾಲ್ಟ್ ಇದ್ಯಲ್ಲ…”

“ಅಮ್ಮ, ಅದು ವಿಸ್ಕಿ!”

ಅತ್ತೆ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. “ಹೆಂಡಾನಾ?” ಎಂದರು ಸಣ್ಣ ದನಿಯಲ್ಲಿ. ಹೆಂಡ ಅಲ್ಲ ಅತ್ತೆ, ತುಂಬ ಹಳೇ ಕಂಪೆನಿ ಎಂದೆ ನಾನು. ಅದರಿಂದ ಉಪಯೋಗವೇನೂ ಆಗಲಿಲ್ಲ. ಅವರು ಎದ್ದು ಹೋಗಿ ಇನ್ನೊಂದು ಸಲ ತಲೆಗೆ ಸ್ನಾನ ಮಾಡಿದರು.

ಆ ರಾತ್ರಿ ಊಟದ ಹೊತ್ತಿಗೆ ಅತ್ತೆಯ ಚಿಂತೆ ಏನೆಂದು ಹೊರಬಿತ್ತು. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ಮೂಸಲು ಹೋದ ಮಕ್ಕಳಿಗೆಲ್ಲ ಅವರು ಹೇಳುತ್ತಿದ್ದ ಮಾತೊಂದಿದೆ, ‘ಆಘ್ರಾಣೇನ ಅರ್ಧಭೋಜನಂ’. ಮೂಸಿದರೆ ಅರ್ಧ ಉಂಡಂತೆ. ಅದೇ ಮಾತು ಈಗ ತಿರುಗಿ ಬಂದು ಅವರ ಕುತ್ತಿಗೆಗೇ ಕೂತಿತ್ತು. ಮೂಸಿದರೆ ಅರ್ಧ ಉಂಡಂತೆ ಆದರೆ, ಅವರು ಬಾಟಲಿಯನ್ನು ಅದೆಷ್ಟು ಸಲ ಮೂಸಿದ್ದರು! ಮಗಳಿಗೆ ನಾನು ಇದನ್ನು ವಿವರಿಸಿದೆ.

“ಸೋ ಅಜ್ಜಿ ಈಸ್ ಹಾಫ್ ಡ್ರಂಕ್?” ಎಂದಳು ಅವಳು.

ಹೆಂಡತಿ ಪುಳಿಯೋಗರೆ ನೆತ್ತಿಗೇರಿ ಕೆಮ್ಮಿದಳು. ನಗಬಾರದೆಂದು ನಾನು ತಟ್ಟೆ ನೋಡುತ್ತ ಕೂತೆ. ಅತ್ತೆ ನಗಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕೂ ಶೀಶೆಗಳನ್ನು ಒಂದಾದ ಮೇಲೊಂದು ಮೂಸಿದರು. ನೀರು, ನೀರು, ನೀರು, ನೀರು. ಅವರು ಶೀಶೆಗಳ ಮುಚ್ಚಳ ಒಂದೊಂದಾಗಿ ಬಿಗಿದು ಸಾಲಾಗಿಡುವುದನ್ನು ನೋಡಿ ನನಗೆ ನಗು ಎಲ್ಲಿಂದ ಬರಬೇಕು? ಲೋಕದ ಎಲ್ಲ ವಾಸನೆಗಳಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ, ಅದೂ ಕೂಡದ್ದು.

ಸೋಮವಾರ ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಅಳಿಯಂದ್ರೇ, ನಾನು ಯೋಚನೆ ಮಾಡ್ದೆ. ಅರ್ಧಭೋಜನ ಅಂದಿದ್ದಾರೆ ಹಿರಿಯರು. ಅರ್ಧಪಾನ ಅಂತ ಎಲ್ಲೂ ಅಂದಿಲ್ಲ.”

“ಇಲ್ಲ ಅತ್ತೆ, ಅಂದೇ ಇಲ್ಲ” ಎಂದೆ ತಕ್ಷಣ.

“ಔಷಧಕ್ಕೆ ದೋಷ ಇಲ್ಲ.”

“ಚೂರೂ ಇಲ್ಲ.”

“ಆದ್ರೆ ಅಡುಗೆಮನೇಲಿ ಬೇಡ. ಲೋಟ ಬೇರೆ ಇರ್ಲಿ. ಮೈಸೂರಿಗೆ ಯಾರೂ ಫೋನ್ ಮಾಡಿ ಹೇಳ್ಬಾರ್ದು.”

ವಕೀಲರ ಮನೆಯಲ್ಲಿ ಹುಟ್ಟಿದ್ದರೆ ಈ ಹೆಂಗಸು ಎಲ್ಲಿರುತ್ತಿದ್ದರೋ! ಅಂದಿನಿಂದ ಗ್ಯಾರೇಜು ಅತ್ತೆಯ ಆಘ್ರಾಣಮಂದಿರವಾಯಿತು. ಸಂಜೆ ದೀಪ ಹಚ್ಚಿ, ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಹಳೆಯ ಕೋಟು ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂರುವರು. ನಾನು ಹೂವಿನಾಕಾರದ ಸಣ್ಣ ಗ್ಲಾಸಿಗೆ ಎರಡು ಚಮಚದಷ್ಟು ಬಗ್ಗಿಸಿ ಕೊಡುವೆ. ಅವರು ತುಟಿ ಬಿಗಿ ಹಿಡಿದು ಮೂಗನ್ನು ಮಾತ್ರ ಒಳಗಿಳಿಸುವರು. ಒಂದು ಹನಿ ತುಟಿಗೆ ತಾಗಿದರೂ ಆ ದಿನದ ಪಾಠ ರದ್ದು. ಮುಗಿದ ಮೇಲೆ ಗ್ಲಾಸು ನನ್ನದು. ಬಾಟಲಿ ದಿನದಿನಕ್ಕೆ ಇಳಿಯುತ್ತಿದ್ದದ್ದನ್ನು ನೋಡಿ ಒಮ್ಮೆ ನನ್ನ ಮುಖವೂ ಇಳಿದಿರಬೇಕು. ದೇವತೆಗಳ ಪಾಲಿನ ಕಥೆಯನ್ನು ಹೆಂಡತಿಯಿಂದ ಕೇಳಿದ್ದ ಅತ್ತೆ, “ನಾನು ತಗೊಳ್ಳೋದು ಗಾಳಿಗೆ ಹೋಗೋದನ್ನ ಮಾತ್ರ. ಮಿಕ್ಕಿದ್ದು ಯಾರ ಹೊಟ್ಟೆಗೆ ಹೋಗ್ತಿದೆ ಅಂತ ನಿಮಗೇ ಗೊತ್ತು” ಎಂದರು. ನಾನು ಗ್ಲಾಸು ಖಾಲಿ ಮಾಡಿದೆ.

ಒಂದು ಸಂಜೆ ಅವರು ಗ್ಲಾಸಿನಿಂದ ತಲೆ ಎತ್ತಿ, “ಹೊಸದೊಂದು ಬರ್ತಿದೆ. ಮೀನು” ಎಂದರು. ನಾನು ಹಿಗ್ಗಿ ಹೀರೆಕಾಯಿಯಾದೆ. ಬಲ್ಲವರು ಆ ವಿಸ್ಕಿಯಲ್ಲಿ ಸಮುದ್ರದ ಪಾಚಿ, ಉಪ್ಪುಗಾಳಿ ಎಲ್ಲ ಹುಡುಕುತ್ತಾರೆ, ನಮ್ಮ ಅತ್ತೆಗೆ ಅದು ಸಿಕ್ಕಿತಲ್ಲ! ಅದು ದ್ವೀಪದ ಗುಣ ಅತ್ತೆ, ಪೀಪಾಯಿಗಳು ಕಡಲ ದಂಡೆ ಪಕ್ಕದಲ್ಲೇ ಇರ್ತವೆ ಎಂದು ಭಾಷಣ ಶುರು ಮಾಡಿದೆ. ಅವರು ಗ್ಲಾಸನ್ನು ನನ್ನ ಕೈಗೆ ಕೊಟ್ಟು, ಮೂಗನ್ನು ಮುಂದೆ ಮಾಡಿಕೊಂಡು ನಡೆದು, ಪೇಂಟ್ ಡಬ್ಬಿಗಳ ಹಿಂದಿನ ಒಂದು ಡಬ್ಬಿಯ ಮುಂದೆ ನಿಂತರು.

“ಗ್ಲಾಸಿಂದಲ್ಲ ಅಳಿಯಂದ್ರೇ. ಇದ್ರಿಂದ.”

ಒಣಸಿಗಡಿ! ಮುಚ್ಚಳ ಸಡಿಲವಾಗಿತ್ತು. ನಾನು ನಾಚಿಕೆಯಿಂದ ನೆಲ ನೋಡಿದೆ. ಅತ್ತೆ ಮಾತ್ರ ಆಕಾಶ ನೋಡಿ, “ದೇವರೇ, ಕರ್ಪೂರ ಬಿಟ್ಟು, ಮಲ್ಲಿಗೆ ಬಿಟ್ಟು, ನಂಗೆ ಮೊದಲು ಕೊಡೋದು ಇವೇನಾ!” ಎಂದು ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೆಂಡತಿ ಏನಾಯಿತೆಂದು ಓಡಿಬಂದು, ತಾಯಿ ನನ್ನ ಕೋಟು ತೊಟ್ಟು ಸಿಗಡಿ ಡಬ್ಬಿಯ ಮುಂದೆ ನಗುತ್ತ ಕೂತಿದ್ದನ್ನು ಕಂಡು, ಇವತ್ತು ನಿಜವಾಗಿಯೂ ಕುಡಿದುಬಿಟ್ಟಳು ಎಂದುಕೊಂಡಳು.

ಊರಿಗೆ ಗೊತ್ತಾಗದೆ ಇರುತ್ತದೆಯೇ? ದೇವಸ್ಥಾನದಲ್ಲಿ ಪರಿಚಯವಾದ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ನಮ್ಮ ಸ್ಟೀಲ್ ಪಾತ್ರೆ ವಾಪಸು ಕೊಡಲು ಬಂದರು. ಕಸದ ಬಿನ್ ಹೊರಗಿಡಲು ನಾನು ಗ್ಯಾರೇಜಿನ ಬಾಗಿಲು ಎತ್ತಿದ್ದ ಹೊತ್ತು. ಕಾರಿನ ಹೆಡ್‌ಲೈಟು ನೇರ ಅತ್ತೆಯ ಮೇಲೆ ಬಿತ್ತು: ಕುರ್ಚಿ, ಗಂಡಸರ ಕೋಟು, ಹಣೆಯಲ್ಲಿ ಕುಂಕುಮ, ಮೂಗಿನ ಕೆಳಗೆ ವಿಸ್ಕಿ ಗ್ಲಾಸು. ಅತ್ತೆ ಗಾಬರಿಯಾಗಲಿಲ್ಲ.

“ಬನ್ನಿ ಬನ್ನಿ, ಒಳಗೆ ಬನ್ನಿ. ನಾನು ಕುಡಿಯೋಲ್ಲ, ಸುಮ್ನೆ ದಿನಾ ಸಂಜೆ ಒಂದ್ ಸ್ವಲ್ಪ ಮೂಸ್ತೀನಿ” ಎಂದರು.

ಇದಕ್ಕಿಂತ ಕುಡಿಯುತ್ತೇನೆ ಎಂದಿದ್ದರೇ ಮರ್ಯಾದೆ ಉಳಿಯುತ್ತಿತ್ತು. ಆಮೇಲೆ ಟಿವಿಡೇಲ್‌ನಲ್ಲಿ ಸಿಕ್ಕವರೆಲ್ಲ “ನಿಮ್ಮ ಅತ್ತೆ ಹೇಗಿದ್ದಾರೆ?” ಎಂದು ಒಂದು ತೂಕ ಹೆಚ್ಚಾಗಿಯೇ ಕೇಳಲು ಶುರು ಮಾಡಿದರು. ಪ್ರಸಾದದ ಸಾಲಿನಲ್ಲಿ ಒಬ್ಬರು ನನ್ನ ಕಿವಿಯ ಹತ್ತಿರ ಬಂದು, ಸೈನಸ್‌ಗೂ ಆಗತ್ತಾ, ಯಾವ ಬ್ರ್ಯಾಂಡು ಎಂದು ವಿಚಾರಿಸಿದರು.

ಚಳಿ ಕಡಿಮೆಯಾಗುವ ಹೊತ್ತಿಗೆ ಲವಂಗ ಬಂತು. ಬಂತೆಂದರೆ, ಬಾಗಿಲ ಹೊರಗೆ ನಿಂತು ಕೆಮ್ಮಿದ ಹಾಗೆ ಬಂತು ಎಂದರು ಅತ್ತೆ. ನಿಂಬೆ ಒಂದು ದಿನ ಇರುವುದು, ಒಂದು ದಿನ ಇಲ್ಲ. ಗುಲಾಬಿಯ ಸುಳಿವೇ ಇಲ್ಲ. ಧೈರ್ಯ ಮಾಡಿ ಮತ್ತೊಮ್ಮೆ ಸಾರಿನ ಪುಡಿ ಹುರಿಯಲು ನಿಂತರು. ಈ ಸಲ ಬೆನ್ನು ತಿರುಗಿಸಲಿಲ್ಲ, ಬಾಣಲೆಯನ್ನೇ ಕಣ್ಣಿಟ್ಟು ನೋಡುತ್ತಿದ್ದರು. ಅದನ್ನು ನೋಡುವುದೇ ನಮಗೆ ಕಷ್ಟವಾಯಿತು. ಪುಡಿ ಕರಿಕಾಗಲಿಲ್ಲ, ಹದವೂ ಬರಲಿಲ್ಲ. ನಾವು ಸಾರನ್ನು ಸುರ್‌ ಸುರ್‌ ಎಂದು ಹೊಗಳಿ ಕುಡಿದೆವು. ಅತ್ತೆ ಒಂದು ತುತ್ತು ಕಲಸಿ, “ಸುಳ್ಳು ಹೇಳೋಕೂ ಒಂದು ಹದ ಇರತ್ತೆ” ಎಂದು ಕೈ ತೊಳೆದರು.

ಅವರು ಹೊರಡಲು ಕೆಲವೇ ದಿನ ಉಳಿದಿತ್ತು. ಬಾಟಲಿಯಲ್ಲಿ ತಳ ಕಾಣುತ್ತಿತ್ತು. ನನ್ನ ಐವತ್ತು ಇನ್ನೂ ಬಂದಿರಲಿಲ್ಲ, ನನಗೆ ಅದರ ಚಿಂತೆಯೂ ಹೋಗಿತ್ತು. ಇನ್ನೊಂದು ಬಾಟಲಿಗೆ ಮತ್ತೆ ಫೆರ್ರಿ ಹತ್ತಲು ತಯಾರಿದ್ದೆ. ಅತ್ತೆಯೇ ಬೇಡ ಎಂದರು. “ಎದ್ದಷ್ಟು ಎದ್ದಿದೆ. ಸಾಕು ಬಿಡಿ ಅಳಿಯಂದ್ರೇ. ಹೊಗೆ, ಮೀನು, ಲವಂಗ. ಇಷ್ಟಾದ್ರೂ ಬಂತಲ್ಲ” ಎಂದರು. ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು, ನನಗೆ ಸಮಾಧಾನವಾಗಲಿಲ್ಲ.

ಆ ಗುರುವಾರ ಮಗಳು ಹಾಕಿ ಪಂದ್ಯ ಆಡಿ ಮಳೆಯಲ್ಲಿ ನೆನೆದು ಬಂದಳು. ಬೂಟು ಮೂಲೆಗೆಸೆದು, ತಲೆ ಸಿಕ್ಕು ಬಿಡಿಸಿಕೊಡು ಎಂದು ಅಜ್ಜಿಯ ಕಾಲ ಬುಡದಲ್ಲಿ ಕಾರ್ಪೆಟ್ಟಿನ ಮೇಲೆ ಕೂತು ಫೋನ್ ನೋಡತೊಡಗಿದಳು. ಅತ್ತೆ ಬಾಚಣಿಗೆ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ಅವಳ ನೆತ್ತಿಗೆ ಮೂಗೊತ್ತಿದರು. ಅದು ನಮ್ಮ ಹಿರಿಯರು ಮುದ್ದು ಮಾಡುವ ರೀತಿ, ಮುತ್ತು ಕೊಡುವುದಿಲ್ಲ, ನೆತ್ತಿ ಮೂಸುತ್ತಾರೆ. ಅವಳು ಸಣ್ಣವಳಿದ್ದಾಗ ಮೈಸೂರಿಗೆ ಹೋದಾಗಲೆಲ್ಲ ಚಪ್ಪಲಿ ಬಿಚ್ಚಲೂ ಬಿಡದೆ ಅತ್ತೆ ಅವಳನ್ನು ಎತ್ತಿಕೊಂಡು ಮೂಸುತ್ತಿದ್ದರು. ಈ ಸಲ ಬಂದಾಗಿನಿಂದ ಒಮ್ಮೆಯೂ ಮೂಸಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಹೆಂಡತಿಯ ಮುಖ ನೋಡಿದೆ. ಅವಳಿಗೂ ಹೊಳೆದಿತ್ತು. ಅತ್ತೆ ತಲೆ ಎತ್ತಲಿಲ್ಲ. ಬಾಚಣಿಗೆ ಕೈಯಿಂದ ಜಾರಿ ಬಿತ್ತು.

ಮಗಳು ಕೊಸರಾಡಿದಳು. “ಅಜ್ಜಿ, ಡೋಂಟ್! ಸ್ಟಾಪ್ ಇಟ್! ಐ ಹ್ಯಾವನ್ಟ್ ವಾಶ್ಡ್ ಮೈ ಹೇರ್ ಸಿನ್ಸ್ ಸಂಡೇ!”

“ಗೊತ್ತಾಗ್ತಿದೆ ಕಣೇ” ಎಂದರು ಅತ್ತೆ ಅವಳ ಕೂದಲೊಳಗಿನಿಂದಲೇ. “ಗೊತ್ತಾಗ್ತಿದೆ, ಗೊತ್ತಾಗ್ತಿದೆ!”